ಕ್ಯಾಂಗ್ರೆಲಾರ್ ಡ್ರಿಪ್: ಪುಡಿ ಕರಗಿಸುವಲ್ಲಿಂದ ಮಾತ್ರೆ ನುಂಗಿಸುವ ತನಕ

"ಡ್ರಿಪ್ ಇನ್ನೂ ಹೋಗ್ತಾ ಇರುವಾಗಲೇ ಕ್ಲೋಪಿಡೊಗ್ರೆಲ್ ಮಾತ್ರೆ ಕೊಟ್ಟುಬಿಡಬಹುದಾ?" ಕ್ಯಾಥ್‌ಲ್ಯಾಬ್‌ಗೋ (ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ) ಹೃದಯದ ಐಸಿಯುಗೋ ಹೊಸದಾಗಿ ಸೇರಿದ ನರ್ಸ್‌ಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇಲ್ಲಿ ಡ್ರಿಪ್ ಅಂದರೆ ಕ್ಯಾಂಗ್ರೆಲಾರ್, ಆಂಜಿಯೋಪ್ಲಾಸ್ಟಿ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ರಕ್ತನಾಳಕ್ಕೆ ಕೊಡುವ ಔಷಧಿ. ಕ್ಲೋಪಿಡೊಗ್ರೆಲ್ ಅದೇ ಕೆಲಸ ಮಾಡುವ ಮಾತ್ರೆ. ಉತ್ತರ ಚಿಕ್ಕದು: ಕೊಡಬೇಡಿ. ಆದರೆ ಯಾಕೆ ಕೊಡಬಾರದು ಅಂತ ತಿಳಿಯದಿದ್ದರೆ ಗಡಿಬಿಡಿಯ ಹೊತ್ತಿನಲ್ಲಿ ಆ ಉತ್ತರ ನೆನಪಿಗೇ ಬರುವುದಿಲ್ಲ. ಹಾಗಾಗಿ ಈ ಸಲ ಮೊದಲಿನಿಂದ ಕೊನೆಯ ತನಕ ಬಿಡಿಸಿ ಬರೆಯುತ್ತಿದ್ದೇನೆ.

ಕ್ಯಾಂಗ್ರೆಲಾರ್ ಶುರು ಮಾಡುವಾಗ ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ. ತೂಕ ನೋಡುತ್ತಾರೆ, ಲೆಕ್ಕ ಹಾಕುತ್ತಾರೆ, ಇನ್ನೊಬ್ಬರಿಗೆ ತೋರಿಸುತ್ತಾರೆ. ನಿಲ್ಲಿಸುವಾಗ ಆ ಎಚ್ಚರ ಸಡಿಲವಾಗುತ್ತದೆ. ಸ್ಟೆಂಟ್ ಕೂತಾಯಿತು, ರೋಗಿ ಚೆನ್ನಾಗಿದ್ದಾರೆ, ಇನ್ನೇನು ಅನ್ನಿಸುತ್ತದೆ. ಪಂಪ್ ಆಫ್ ಮಾಡುವುದು ಒಂದು ಕೆಲಸ, ಮಾತ್ರೆ ಕೊಡುವುದು ಇನ್ನೊಂದು ಕೆಲಸ ಅಂತ ಎರಡು ಮಾಡಿಕೊಳ್ಳುತ್ತೇವೆ. ಈ ಔಷಧಿಯಲ್ಲಿ ಅವೆರಡೂ ಒಂದೇ ಕೆಲಸ. ಈ ಲೇಖನದಿಂದ ಇದೊಂದು ನಿಮ್ಮ ಮನಸ್ಸಿನಲ್ಲಿ ಉಳಿದರೂ ನನಗೆ ಸಾಕು.

ಕೆಳಗಿನ ಡೋಸ್‌ಗಳು ದೊಡ್ಡವರಿಗೆ, ಆಂಜಿಯೋಪ್ಲಾಸ್ಟಿ ಸಮಯದಲ್ಲಿ ಕೊಡುವಂಥವು. ವೈದ್ಯರ ಆದೇಶ, ನಿಮ್ಮ ಆಸ್ಪತ್ರೆಯ ಲಿಖಿತ ನಿಯಮ ಮತ್ತು ಔಷಧಿಯ ಪೆಟ್ಟಿಗೆಯಲ್ಲಿರುವ ಚೀಟಿ, ಈ ಮೂರೂ ಈ ಲೇಖನಕ್ಕಿಂತ ಮೇಲೆ. ಎಲ್ಲಾದರೂ ವ್ಯತ್ಯಾಸ ಕಂಡರೆ ಅಲ್ಲೇ ನಿಲ್ಲಿ, ವೈದ್ಯರನ್ನು ಕೇಳಿ.

ಈ ಔಷಧಿ ಮಾಡುವುದೇನು?

ರಕ್ತದಲ್ಲಿ ಪ್ಲೇಟ್‌ಲೆಟ್ ಅನ್ನುವ ಪುಟ್ಟ ಕಣಗಳಿವೆ. ಎಲ್ಲಾದರೂ ಗಾಯವಾದರೆ ಅವು ಒಂದಕ್ಕೊಂದು ಅಂಟಿಕೊಂಡು ರಕ್ತ ಸೋರುವುದನ್ನು ತಡೆಯುತ್ತವೆ. ಆಂಜಿಯೋಪ್ಲಾಸ್ಟಿ ಅಂದರೆ ಹೃದಯದ ರಕ್ತನಾಳ ಕಟ್ಟಿಕೊಂಡಿರುವ ಕಡೆ ಬಲೂನು ಉಬ್ಬಿಸಿ, ಸಾಮಾನ್ಯವಾಗಿ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಕೂರಿಸುವುದು. ನಮಗೆ ಅದು ಚಿಕಿತ್ಸೆ, ಪ್ಲೇಟ್‌ಲೆಟ್‌ಗೆ ಅದು ಗಾಯ. ಅಲ್ಲೂ ಹೋಗಿ ಅಂಟಿಕೊಳ್ಳತೊಡಗುತ್ತವೆ. ಈಗಷ್ಟೇ ಹಾಕಿದ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತವೇ ಆಗುತ್ತದೆ.

ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಕರೆಯಲು ಎಡಿಪಿ ಎಂಬ ರಾಸಾಯನಿಕವನ್ನು ಬಳಸುತ್ತವೆ. ಆ ಕರೆ ತಲುಪುವುದು ಪ್ಲೇಟ್‌ಲೆಟ್ ಮೇಲಿನ ಒಂದು ರಿಸೆಪ್ಟರ್‌ಗೆ, ಅಂದರೆ ಸಂದೇಶ ಹಿಡಿಯುವ ಜಾಗಕ್ಕೆ. ಅದರ ಹೆಸರು ಪಿ2ವೈ12. ಕ್ಲೋಪಿಡೊಗ್ರೆಲ್, ಪ್ರಾಸುಗ್ರೆಲ್, ಟಿಕಾಗ್ರೆಲಾರ್ ಮಾತ್ರೆಗಳೆಲ್ಲ ತಡೆಯುವುದು ಇದೇ ಜಾಗವನ್ನು. ಕ್ಯಾಂಗ್ರೆಲಾರ್ ತಡೆಯುವುದೂ ಇದನ್ನೇ. ಆದರೆ ಇದು ನೇರ ರಕ್ತನಾಳಕ್ಕೆ ಹೋಗುತ್ತದೆ, ಹೊಟ್ಟೆಯಲ್ಲಿ ಕರಗಬೇಕಿಲ್ಲ, ಲಿವರ್‌ನಲ್ಲಿ ಬದಲಾಗಬೇಕಿಲ್ಲ. 2 ನಿಮಿಷದೊಳಗೆ ಕೆಲಸ ಶುರು.

ಅಷ್ಟೇ ಬೇಗ ಹೋಗಿಯೂಬಿಡುತ್ತದೆ. ಇದರ ಹಾಫ್‌ಲೈಫ್, ಅಂದರೆ ರಕ್ತದಲ್ಲಿನ ಔಷಧಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, 3ರಿಂದ 6 ನಿಮಿಷ ಮಾತ್ರ. ಡ್ರಿಪ್ ನಿಂತ 1 ಗಂಟೆಯೊಳಗೆ ಪ್ಲೇಟ್‌ಲೆಟ್‌ಗಳು ಮೊದಲಿನಂತೆ ಆಗುತ್ತವೆ. ಇದರ ದೊಡ್ಡ ಅನುಕೂಲವೂ ಇದೇ, ದೊಡ್ಡ ಅಪಾಯವೂ ಇದೇ.

2013ರಲ್ಲಿ ಪ್ರಕಟವಾದ ಚಾಂಪಿಯನ್ ಫೀನಿಕ್ಸ್ ಎಂಬ ಅಧ್ಯಯನದಲ್ಲಿ 11 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಸಾವು, ಹೃದಯಾಘಾತ, ಹೃದಯದ ರಕ್ತನಾಳಕ್ಕೆ ಮತ್ತೆ ಚಿಕಿತ್ಸೆ, ಸ್ಟೆಂಟ್‌ನಲ್ಲಿ ಹೆಪ್ಪು, ಈ ನಾಲ್ಕರಲ್ಲಿ ಯಾವುದಾದರೂ ಒಂದು 48 ಗಂಟೆಯೊಳಗೆ ಆದವರು ಕ್ಲೋಪಿಡೊಗ್ರೆಲ್ ಗುಂಪಿನಲ್ಲಿ ಶೇ. 5.9, ಕ್ಯಾಂಗ್ರೆಲಾರ್ ಗುಂಪಿನಲ್ಲಿ ಶೇ. 4.7. 2015ರಲ್ಲಿ ಅಮೆರಿಕ ಮತ್ತು ಯುರೋಪ್ ಎರಡೂ ಕಡೆ ಅನುಮತಿ ಸಿಕ್ಕಿತು. ಇದಕ್ಕಿಂತ ಮುಂಚಿನ ಎರಡು ಅಧ್ಯಯನಗಳಲ್ಲಿ ಅಂದುಕೊಂಡ ಲಾಭ ಸಿಕ್ಕಿರಲಿಲ್ಲ. ಹಾಗಾಗಿ ಇದು ಎಲ್ಲರಿಗೂ ಕೊಡುವ ಔಷಧಿಯಲ್ಲ. ಮೊದಲೇ ಮಾತ್ರೆ ತೆಗೆದುಕೊಂಡಿಲ್ಲದ, ಅಥವಾ ವಾಂತಿಯಿಂದಲೋ ಪ್ರಜ್ಞೆಯಿಲ್ಲದೆಯೋ ಬಾಯಿಂದ ಏನೂ ನುಂಗಲಾಗದ ರೋಗಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಮುಂಚೆಯೇ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: 50 ಮಿಲಿಗ್ರಾಂ ಪುಡಿಯ ವಯಲ್ (ಔಷಧಿಯ ಪುಟ್ಟ ಸೀಸೆ), 5 ಮಿಲಿ ಸ್ಟೆರೈಲ್ ವಾಟರ್, 250 ಮಿಲಿ ನಾರ್ಮಲ್ ಸಲೈನ್ ಅಥವಾ 5% ಡೆಕ್ಸ್‌ಟ್ರೋಸ್ ಚೀಲ, ಇನ್‌ಫ್ಯೂಷನ್ ಪಂಪ್, ಇದಕ್ಕೇ ಮೀಸಲಾದ ಒಂದು ಐವಿ ಲೈನ್. ಜೊತೆಗೆ, ಕೊನೆಯಲ್ಲಿ ಕೊಡಬೇಕಾದ ಮಾತ್ರೆ. ಹೌದು, ಮಾತ್ರೆಯನ್ನೂ ಈಗಲೇ ತರಿಸಿ ಇಟ್ಟುಕೊಳ್ಳಿ. ಯಾಕೆ ಅಂತ 7ನೇ ಹಂತದಲ್ಲಿ ಗೊತ್ತಾಗುತ್ತದೆ.

1. ಶುರು ಮಾಡುವ ಮುನ್ನ ಕೇಳಿ

ರೋಗಿಗೆ ಈಗ ಎಲ್ಲಿಂದಾದರೂ ರಕ್ತಸ್ರಾವ ಆಗುತ್ತಿದೆಯೇ? ಗಮನಿಸಬೇಕಾದಷ್ಟು ಆಗುತ್ತಿದ್ದರೆ ಈ ಔಷಧಿ ಕೊಡುವಂತಿಲ್ಲ. ಹಿಂದೆ ಇದೇ ಔಷಧಿಯಿಂದ ಅಲರ್ಜಿ ಆಗಿದ್ದರೂ ಕೊಡುವಂತಿಲ್ಲ. ಪಾರ್ಶ್ವವಾಯು, ಅಥವಾ ಬಂದು ತಾನೇ ಸರಿಹೋದ ಸಣ್ಣ ಪಾರ್ಶ್ವವಾಯು ಹಿಂದೆ ಯಾವಾಗಲಾದರೂ ಆಗಿತ್ತೇ ಅಂತ ತಪ್ಪದೆ ಕೇಳಿ. ಯುರೋಪಿನ ನಿಯಮದಲ್ಲಿ ಅಂಥವರಿಗೂ ಇದನ್ನು ಕೊಡುವಂತಿಲ್ಲ. ಆಮೇಲೆ ಕೊಡುವ ಮಾತ್ರೆ ಪ್ರಾಸುಗ್ರೆಲ್ ಆಗಿದ್ದರೆ ಅದಕ್ಕೂ ಇದೇ ಅಡ್ಡಿ.

ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಇಲ್ಲಿಗೆ ಬರುವ ಮೊದಲು ಬೇರೆ ಕಡೆ ಏನಾದರೂ ಮಾತ್ರೆ ಕೊಟ್ಟಿದ್ದಾರಾ? ಆಂಬುಲೆನ್ಸ್‌ನಲ್ಲೋ ಮೊದಲು ಹೋದ ಆಸ್ಪತ್ರೆಯಲ್ಲೋ ಕ್ಲೋಪಿಡೊಗ್ರೆಲ್ ನುಂಗಿಸಿರಬಹುದು. ರೋಗಿಗೆ ಹೆಸರು ಗೊತ್ತಿರುವುದಿಲ್ಲ, "ಏನೋ ಗುಳಿಗೆ ಕೊಟ್ಟರು" ಅನ್ನುತ್ತಾರೆ ಅಷ್ಟೆ. ರೆಫರಲ್ ಚೀಟಿ ಹುಡುಕಿ, ಜೊತೆಗೆ ಬಂದವರನ್ನು ಕೇಳಿ. ಕೊಟ್ಟಿದ್ದಾರೆ ಅಂತಾದರೆ ಯಾವುದು, ಎಷ್ಟು ಹೊತ್ತಿಗೆ ಅನ್ನುವುದನ್ನು ವೈದ್ಯರಿಗೆ ತಿಳಿಸದೆ ಮುಂದೆ ಹೋಗಬೇಡಿ. ಎಪ್ಟಿಫಿಬಟೈಡ್, ಟೈರೋಫಿಬಾನ್ ಥರದ, ಪ್ಲೇಟ್‌ಲೆಟ್ ತಡೆಯುವ ಬೇರೆ ಇಂಜೆಕ್ಷನ್ ಹೋಗುತ್ತಿದ್ದರೂ ಹಾಗೆಯೇ. ಕ್ಯಾಂಗ್ರೆಲಾರ್ ಇರುವುದು ಅವುಗಳನ್ನು ಪಡೆಯದವರಿಗೆ.

ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಣಿಕೆ, ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ರಕ್ತಪರೀಕ್ಷೆ) ರಿಪೋರ್ಟ್ ನೋಡಿಕೊಳ್ಳಿ. ಕಿಡ್ನಿ ಸಮಸ್ಯೆ ಇದ್ದರೂ ಇದರ ಡೋಸ್ ಬದಲಾಗುವುದಿಲ್ಲ, ಯಾಕೆಂದರೆ ಇದು ರಕ್ತದಲ್ಲೇ ಒಡೆದುಹೋಗುತ್ತದೆ. ಆದರೆ ಕಿಡ್ನಿ ತುಂಬಾ ದುರ್ಬಲವಾಗಿರುವವರಲ್ಲಿ ಅದು ಇನ್ನಷ್ಟು ಹದಗೆಟ್ಟದ್ದು ಅಧ್ಯಯನದಲ್ಲಿ ಕ್ಲೋಪಿಡೊಗ್ರೆಲ್‌ಗಿಂತ ಜಾಸ್ತಿ ಕಂಡಿದೆ (ಕ್ಯಾಂಗ್ರೆಲಾರ್ ಗುಂಪಿನಲ್ಲಿ ಶೇ. 3.2, ಕ್ಲೋಪಿಡೊಗ್ರೆಲ್ ಗುಂಪಿನಲ್ಲಿ ಶೇ. 1.4). ಅಂಥವರ ಮೂತ್ರದ ಅಳತೆ, ಮರುದಿನದ ಕ್ರಿಯಾಟಿನಿನ್ ಕಡೆ ಗಮನ ಇರಲಿ.

2. ತೂಕವನ್ನು ಅಂದಾಜು ಮಾಡಬೇಡಿ

ಡೋಸ್ ಪೂರ್ತಿ ನಿಂತಿರುವುದು ತೂಕದ ಮೇಲೆ. ಎದೆನೋವಿನಿಂದ ಒದ್ದಾಡುತ್ತಿರುವವರನ್ನು ತಕ್ಕಡಿ ಮೇಲೆ ನಿಲ್ಲಿಸಲಾಗುವುದಿಲ್ಲ, ನಿಜ. ತೂಕ ತೋರಿಸುವ ಹಾಸಿಗೆ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ರೋಗಿಯನ್ನೋ ಮನೆಯವರನ್ನೋ ಕೇಳಿ, ಇತ್ತೀಚಿನ ಯಾವುದಾದರೂ ಚೀಟಿಯಲ್ಲಿ ಇದೆಯೇ ನೋಡಿ. ಬರೆಯುವಾಗ "70 ಕೆಜಿ, ಮಗ ಹೇಳಿದ್ದು" ಅಂತ ಎಲ್ಲಿಂದ ಬಂತು ಅನ್ನುವುದನ್ನೂ ಬರೆಯಿರಿ. ಕಣ್ಣಳತೆಯಲ್ಲಿ ಬರೆದ ತೂಕ ಕೇಸ್‌ಶೀಟ್‌ನಲ್ಲಿ ಒಮ್ಮೆ ಕೂತರೆ ಮುಂದಿನವರೆಲ್ಲ ಅದನ್ನೇ ನಿಜ ಅಂದುಕೊಂಡು ನಕಲು ಮಾಡುತ್ತಾ ಹೋಗುತ್ತಾರೆ.

3. ಪುಡಿ ಕರಗಿಸುವುದು

ವಯಲ್ ಅನ್ನು ರೂಮಿನ ಉಷ್ಣತೆಯಲ್ಲೇ ಇಡುತ್ತಾರೆ, ಫ್ರಿಜ್ ಬೇಕಿಲ್ಲ. ಅದಕ್ಕೆ 5 ಮಿಲಿ ಸ್ಟೆರೈಲ್ ವಾಟರ್ ಹಾಕಿ, ವಯಲ್ಲನ್ನು ಮೆಲ್ಲಗೆ ಸುತ್ತಿಸಿ. ಜೋರಾಗಿ ಕುಲುಕಬೇಡಿ, ನೊರೆ ಬರುತ್ತದೆ. ಬಂದರೆ ಇಳಿಯುವ ತನಕ ಕಾಯಿರಿ. ದ್ರಾವಣ ತಿಳಿಯಾಗಿರಬೇಕು. ಬಣ್ಣ ಇರಬಾರದು, ಅಥವಾ ತೀರಾ ತೆಳು ಹಳದಿ ಇರಬಹುದು. ಕಣ ತೇಲುತ್ತಿದ್ದರೆ, ಮಸುಕಾಗಿದ್ದರೆ ಬಳಸಬೇಡಿ.

ಈಗ ವಯಲ್‌ನಲ್ಲಿರುವುದು ಮಿಲಿಗೆ 10 ಮಿಲಿಗ್ರಾಂ. ರೋಗಿಗೆ ಹೋಗಬೇಕಾದದ್ದಕ್ಕಿಂತ ಇದು 50 ಪಟ್ಟು ಗಟ್ಟಿ. ಇದನ್ನು ಯಾವ ಕಾರಣಕ್ಕೂ ನೇರ ಕೊಡಬೇಡಿ. ಸಿರಿಂಜ್‌ಗೆ ಎಳೆದುಕೊಂಡು ಟ್ರೇಯಲ್ಲಿ ಇಟ್ಟು ಬೇರೆ ಕೆಲಸಕ್ಕೂ ಹೋಗಬೇಡಿ. ಲೇಬಲ್ ಇಲ್ಲದ ಆ ಸಿರಿಂಜ್ ಬೋಲಸ್ (ಒಮ್ಮೆಲೇ ಕೊಡುವ ಮೊದಲ ಡೋಸ್) ಅಂತ ಇನ್ನೊಬ್ಬರ ಕೈಗೆ ಹೋಗಬಹುದು. ಕರಗಿದ ತಕ್ಷಣ ಚೀಲಕ್ಕೆ ಹಾಕಿ.

4. ಚೀಲಕ್ಕೆ ಬೆರೆಸುವುದು

ಒಂದು ವಯಲ್‌ನಲ್ಲಿರುವುದನ್ನು ಪೂರ್ತಿ ಎಳೆದು 250 ಮಿಲಿ ಚೀಲಕ್ಕೆ ಸೇರಿಸಿ, ಚೆನ್ನಾಗಿ ಬೆರೆಯುವಂತೆ ಚೀಲವನ್ನು ಕೆಲವು ಸಲ ತಿರುಗಿಸಿ. ಬೆರೆಸದೆ ತೂಗುಹಾಕಿದರೆ ಮೊದಲು ಬರುವ ಬೋಲಸ್ ಒಂದು ಥರ, ಆಮೇಲೆ ಬರುವ ಡ್ರಿಪ್ ಇನ್ನೊಂದು ಥರ ಆಗುತ್ತದೆ. ಈಗ ಅದರ ಸಾಂದ್ರತೆ ಮಿಲಿಗೆ 200 ಮೈಕ್ರೋಗ್ರಾಂ. ಸಲೈನ್‌ನಲ್ಲಿ ಬೆರೆಸಿದ್ದು ರೂಮಿನ ಉಷ್ಣತೆಯಲ್ಲಿ 24 ಗಂಟೆ, ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿದ್ದು 12 ಗಂಟೆ ಇರುತ್ತದೆ.

ಚೀಲದ ಮೇಲೆ ಔಷಧಿಯ ಹೆಸರು ಪೂರ್ತಿ ಬರೆಯಿರಿ. ಕ್ಯಾಂಗ್ರೆಲಾರ್, ಟಿಕಾಗ್ರೆಲಾರ್, ಎರಡೂ ಹೆಸರಿನ ಬಾಲ ಒಂದೇ. ಒಂದು ಡ್ರಿಪ್, ಇನ್ನೊಂದು ಮಾತ್ರೆ. ಗಲಾಟೆಯಲ್ಲಿ ಫೋನ್‌ನಲ್ಲಿ ಆದೇಶ ಕೇಳಿಸಿಕೊಂಡರೆ ಎರಡೂ ಒಂದೇ ಥರ ಕೇಳುತ್ತವೆ. ಹೆಸರನ್ನು ಬಿಡಿಸಿ ತಿರುಗಿ ಹೇಳಿ, "ಡ್ರಿಪ್ ಅಲ್ವಾ?" ಅಂತಲೂ ಕೇಳಿಬಿಡಿ.

5. ಬೋಲಸ್, ಆಮೇಲೆ ಪಂಪ್

ಬೋಲಸ್ ಅಂದರೆ ಒಮ್ಮೆಲೇ ಕೊಡುವ ಮೊದಲ ಡೋಸ್. ಕೆಜಿಗೆ 30 ಮೈಕ್ರೋಗ್ರಾಂ. ಇನ್‌ಫ್ಯೂಷನ್ ಅಂದರೆ ಪಂಪ್‌ನಲ್ಲಿ ಒಂದೇ ಸಮನೆ ಹೋಗುವ ಡ್ರಿಪ್. ಕೆಜಿಗೆ ನಿಮಿಷಕ್ಕೆ 4 ಮೈಕ್ರೋಗ್ರಾಂ. ಮಿಲಿಗ್ರಾಂ ಅಲ್ಲ, ಮೈಕ್ರೋಗ್ರಾಂ. ಆದೇಶದಲ್ಲಿ ಗೀಚಿದ ಅಕ್ಷರದಲ್ಲಿ ಯಾವುದು ಅಂತ ತಿಳಿಯದಿದ್ದರೆ ಕೇಳಿಯೇ ಬಿಡಿ.

ಮಿಲಿಗೆ 200 ಮೈಕ್ರೋಗ್ರಾಂ ಚೀಲದಲ್ಲಿ ಲೆಕ್ಕ ಸುಲಭ:

ಬೋಲಸ್ ಮಿಲಿ = ತೂಕ × 0.15
ಪಂಪ್ ವೇಗ, ಗಂಟೆಗೆ ಮಿಲಿ = ತೂಕ × 1.2

60 ಕೆಜಿಗೆ 9 ಮಿಲಿ ಬೋಲಸ್, ಗಂಟೆಗೆ 72 ಮಿಲಿ. 70 ಕೆಜಿಗೆ 10.5 ಮಿಲಿ, ಗಂಟೆಗೆ 84 ಮಿಲಿ. ಸರಿಯಾಗಿದೆಯೇ ಅಂತ ನೋಡಲು ಒಂದು ಸುಲಭ ದಾರಿ ಇದೆ. ಬೋಲಸ್‌ನ ಮಿಲಿಯನ್ನು 8ರಿಂದ ಗುಣಿಸಿ. ಪಂಪ್ ವೇಗವೇ ಬರಬೇಕು. 10.5 × 8 = 84. ಬರದಿದ್ದರೆ ಎರಡರಲ್ಲಿ ಒಂದು ತಪ್ಪು. ಈ ಗುಣಾಕಾರ ತೂಕವೇ ತಪ್ಪಾಗಿರುವುದನ್ನು ಹಿಡಿಯುವುದಿಲ್ಲ ಅನ್ನುವುದು ನೆನಪಿರಲಿ. ಹಾಗಾಗಿ ಲೆಕ್ಕವನ್ನು ಇಬ್ಬರು ಮಾಡಿ, ಬೇರೆ ಬೇರೆಯಾಗಿ. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಸುಮ್ನೆ ತಲೆ ಆಡಿಸುವುದು ಪರಿಶೀಲನೆಯಲ್ಲ.

ಪಂಪ್‌ನಲ್ಲಿ ನೇರ ಮೈಕ್ರೋಗ್ರಾಂ ಆಯ್ಕೆ ಮಾಡುವವರು ನಿಮಿಷಕ್ಕೆ ಎಂದಿದೆಯೋ ಗಂಟೆಗೆ ಎಂದಿದೆಯೋ ನೋಡಿ. ತಪ್ಪು ಆರಿಸಿದರೆ 60 ಪಟ್ಟು ಕಡಿಮೆ ಹೋಗುತ್ತದೆ, ಅಂದರೆ ಹೆಚ್ಚುಕಮ್ಮಿ ಏನೂ ಹೋಗುವುದಿಲ್ಲ. ಪಂಪ್ ಮಾತ್ರ ಎಲ್ಲ ಸರಿಯಿದೆ ಅನ್ನುವಂತೆ ಹಸಿರು ದೀಪ ತೋರಿಸುತ್ತಾ ಓಡುತ್ತಿರುತ್ತದೆ.

ಬೋಲಸ್ ಅನ್ನು ಬೆರೆಸಿದ ಚೀಲದಿಂದಲೇ ಎಳೆದು 1 ನಿಮಿಷದೊಳಗೆ ಕೊಡಬೇಕು. ಆಂಜಿಯೋಪ್ಲಾಸ್ಟಿ ಶುರುವಾಗುವ ಮುಂಚೆ ಅದು ಪೂರ್ತಿ ಒಳಗೆ ಹೋಗಿರಬೇಕು. ಅದರ ಬೆನ್ನಿಗೇ ಪಂಪ್. ನಡುವೆ ಹತ್ತು ನಿಮಿಷ ಬಿಟ್ಟರೆ ಬೋಲಸ್ ಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ಹೋಗಿಯೇ ಬಿಟ್ಟಿರಬಹುದು, ಹಾಫ್‌ಲೈಫ್ ನೆನಪಿದೆಯಲ್ಲ? ಪಂಪ್ ಸಿದ್ಧ ಮಾಡಿ, ವೇಗ ಹಾಕಿ, ಲೈನ್ ತುಂಬಿಸಿ ಇಟ್ಟುಕೊಂಡೇ ಬೋಲಸ್ ಸಿರಿಂಜ್‌ಗೆ ಕೈ ಹಾಕಿ.

ಲೈನ್ ಇದಕ್ಕೇ ಮೀಸಲು. ಅದೇ ಲೈನ್‌ನಲ್ಲಿ ಬೇರೆ ಇಂಜೆಕ್ಷನ್ ತಳ್ಳಿದರೆ ಕೊಳವೆಯಲ್ಲಿದ್ದ ಕ್ಯಾಂಗ್ರೆಲಾರ್ ಒಮ್ಮೆಲೇ ಒಳಗೆ ಹೋಗುತ್ತದೆ, ಆಮೇಲೆ ಸ್ವಲ್ಪ ಹೊತ್ತು ಏನೂ ಹೋಗುವುದಿಲ್ಲ. ಬಿಪಿ ಪಟ್ಟಿ ಕಟ್ಟಿದ ಕೈಗೆ ಈ ಲೈನ್ ಬೇಡ, ಪಟ್ಟಿ ಉಬ್ಬಿದಾಗಲೆಲ್ಲ ಡ್ರಿಪ್ ನಿಲ್ಲುತ್ತದೆ. ಆಸ್ಪಿರಿನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಇನ್ನೊಂದು ಔಷಧಿ) ತಮ್ಮ ಪಾಡಿಗೆ ಆದೇಶದಂತೆ ನಡೆಯಬೇಕು. ಕ್ಯಾಂಗ್ರೆಲಾರ್ ಅವುಗಳ ಬದಲಿಗೆ ಅಲ್ಲ.

ಎಷ್ಟು ಹೊತ್ತು? ಕನಿಷ್ಠ 2 ಗಂಟೆ, ಅಥವಾ ಆಂಜಿಯೋಪ್ಲಾಸ್ಟಿ ಮುಗಿಯುವ ತನಕ, ಎರಡರಲ್ಲಿ ಯಾವುದು ಉದ್ದವೋ ಅಷ್ಟು. ಯುರೋಪಿನ ಚೀಟಿಯಲ್ಲಿ ವೈದ್ಯರು ಬಯಸಿದರೆ ಒಟ್ಟು 4 ಗಂಟೆಯ ತನಕ ಮುಂದುವರಿಸಬಹುದು ಅಂತಿದೆ. ಅರ್ಧ ಗಂಟೆಯಲ್ಲೇ ಸ್ಟೆಂಟ್ ಹಾಕಿ ಮುಗಿದರೂ 2 ಗಂಟೆ ಆಗುವ ತನಕ ಪಂಪ್ ಓಡಲೇಬೇಕು. "ಕೇಸ್ ಮುಗೀತು" ಅಂತ ಪಂಪ್ ಬಿಚ್ಚುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಚೀಲ ಸಾಕಾಗುತ್ತದೆಯೇ ಅಂತ ಮೊದಲೇ ಲೆಕ್ಕ ಹಾಕಿ. 70 ಕೆಜಿಯವರಿಗೆ ಬೋಲಸ್ ಹೋದ ಮೇಲೆ ಒಂದು ಚೀಲ ಸುಮಾರು 2 ಗಂಟೆ 50 ನಿಮಿಷ ಬರುತ್ತದೆ. 85 ಕೆಜಿಯವರಿಗೆ 2 ಗಂಟೆ 20 ನಿಮಿಷ ಅಷ್ಟೆ. 100 ಕೆಜಿಯವರಿಗೆ 2 ಗಂಟೆಗೇ 255 ಮಿಲಿ ಬೇಕು. ಹಾಗಾಗಿ 100 ಕೆಜಿ ಮತ್ತು ಮೇಲ್ಪಟ್ಟವರಿಗೆ ಶುರುವಿನಲ್ಲೇ ಎರಡನೇ ಚೀಲದ ತಯಾರಿ ಬೇಕು. ಕಡಿಮೆ ತೂಕದವರಲ್ಲೂ ಕೇಸ್ ಉದ್ದವಾಗುವ ಸೂಚನೆ ಕಂಡರೆ ಇನ್ನೊಂದು ವಯಲ್ ತರಿಸಿ. ಬೇರೆ ಡ್ರಿಪ್ ಆದರೆ ಚೀಲ ಖಾಲಿಯಾಗಿ ಪಂಪ್ ಕೂಗಿದ ಮೇಲೆ ಹುಡುಕಿದರೂ ನಡೆಯಬಹುದೇನೋ. ಇಲ್ಲಿ ನೀವು ಪುಡಿ ಕರಗಿಸಿ ನೊರೆ ಇಳಿಯಲಿ ಅಂತ ಕಾಯುವಷ್ಟರಲ್ಲಿ ಔಷಧಿಯ ರಕ್ಷಣೆ ಕರಗುತ್ತಿರುತ್ತದೆ.

6. ಓಡುತ್ತಿರುವಾಗ ಏನೇನು ನೋಡಬೇಕು

ಮುಖ್ಯವಾಗಿ ರಕ್ತಸ್ರಾವ. ತೊಡೆಸಂದಿಯಲ್ಲೋ ಮಣಿಕಟ್ಟಿನಲ್ಲೋ ಶೀತ್ ಹಾಕಿರುವ ಜಾಗವನ್ನು (ಶೀತ್ ಅಂದರೆ ರಕ್ತನಾಳಕ್ಕೆ ದಾರಿ ಮಾಡಿ ಇಟ್ಟಿರುವ ಕೊಳವೆ) ಹೊದಿಕೆ ಸರಿಸಿ, ಕಣ್ಣಾರೆ ನೋಡಿ, ಕೈಯಿಂದ ಮುಟ್ಟಿ ನೋಡಿ. ರಕ್ತ ಹೊರಗೆ ಕಾಣದೆ ಒಳಗೇ ಗಟ್ಟಿ ಊತವಾಗಿ ಬೆಳೆಯಬಹುದು. ತೊಡೆಯ ಕೆಳಗೂ ಕೈ ಹಾಕಿ ನೋಡಿ, ರಕ್ತ ಹರಿದು ಬೆನ್ನಡಿ ನಿಂತಿರುತ್ತದೆ. ವಸಡು, ಮೂಗು, ಮೂತ್ರದ ಬಣ್ಣ, ವಾಂತಿ, ಮಲ, ಹಳೆಯ ಸೂಜಿ ಚುಚ್ಚಿದ ಜಾಗಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ತೊಡೆಸಂದಿಯಿಂದ ಮಾಡಿದ ಕೇಸ್‌ನಲ್ಲಿ ಸೊಂಟನೋವು, ಬೆನ್ನುನೋವು, ಕೆಳಹೊಟ್ಟೆ ನೋವು ಅಂದರೆ "ಮಲಗಿ ಮಲಗಿ ನೋವು ಬಂದಿದೆ" ಅಂತ ಸಮಾಧಾನ ಹೇಳಿ ಬಿಡಬೇಡಿ. ಹೊಟ್ಟೆಯ ಹಿಂಭಾಗದಲ್ಲಿ ರಕ್ತ ಸೇರುತ್ತಿರಬಹುದು. ನಾಡಿ ಏರುತ್ತಾ ಬಿಪಿ ಇಳಿಯುತ್ತಿದ್ದರೆ ಅದೇ ಮೊದಲ ಅನುಮಾನ ಆಗಲಿ. ಇದ್ದಕ್ಕಿದ್ದಂತೆ ಜೋರು ತಲೆನೋವು, ಮಾತು ತೊದಲುವುದು, ಒಂದು ಕಡೆ ಶಕ್ತಿ ಕುಂದುವುದು ಕಂಡರೆ ತಡ ಮಾಡದೆ ಕೂಗಿ ಕರೆಯಿರಿ.

ಕೆಲವರಿಗೆ ಉಸಿರು ಸಿಕ್ಕಿಕೊಂಡಂತೆ ಆಗುತ್ತದೆ. ಅಧ್ಯಯನಗಳಲ್ಲಿ ಶೇ. 1.3 ಜನರಿಗೆ ಆಗಿದೆ. ಔಷಧಿಯ ಗುಣ ಇರಬಹುದು, ಆದರೆ ಹೃದಯದ ರೋಗಿಯಲ್ಲಿ ಉಸಿರಾಟದ ತೊಂದರೆಗೆ ಬೇರೆ ಗಂಭೀರ ಕಾರಣಗಳೂ ಇರುತ್ತವೆ. ಅದನ್ನು ತೀರ್ಮಾನಿಸುವುದು ವೈದ್ಯರ ಕೆಲಸ, ತಕ್ಷಣ ಹೇಳುವುದು ನಮ್ಮ ಕೆಲಸ. ಮುಖ, ತುಟಿ, ನಾಲಿಗೆ ಊದಿಕೊಳ್ಳುವುದು, ಎದೆಯಲ್ಲಿ ಸುಯ್‌ಗುಟ್ಟುವುದು, ಮೈಮೇಲೆ ದದ್ದು ಬಂದರೆ ಅದು ಅಲರ್ಜಿ. ಅಪರೂಪ, ಆದರೆ ಕಾಯುವಂಥದ್ದಲ್ಲ.

ಈ ಹೊತ್ತಿನಲ್ಲಿ ಸ್ನಾಯುವಿಗೆ ಇಂಜೆಕ್ಷನ್ ಬೇಡ. ಮೂಗಿನ ಕೊಳವೆ, ಮೂತ್ರದ ಕೊಳವೆ ಹಾಕುವುದನ್ನು ಮುಂದೂಡಲು ಆಗುತ್ತದೆಯೇ ಅಂತ ಕೇಳಿ. ರಕ್ತ ತೆಗೆಯುವುದನ್ನು ಒಟ್ಟಿಗೆ ಮಾಡಿ, ಆದಷ್ಟು ಕಡಿಮೆ ಸಲ ಚುಚ್ಚಿ, ಚುಚ್ಚಿದ ಜಾಗವನ್ನು ಎಂದಿಗಿಂತ ಜಾಸ್ತಿ ಹೊತ್ತು ಒತ್ತಿಹಿಡಿಯಿರಿ.

ದೊಡ್ಡ ರಕ್ತಸ್ರಾವ ಆದರೆ ಇದಕ್ಕೆ ಮರುಮದ್ದು ಅಂತ ಒಂದಿಲ್ಲ. ವೈದ್ಯರು ನಿಲ್ಲಿಸಲು ಹೇಳುತ್ತಾರೆ, ಔಷಧಿ ತಾನೇ ಬೇಗ ಹೋಗುತ್ತದೆ. ಆದರೆ ಹೆಪಾರಿನ್ ಉಳಿದಿರುತ್ತದೆ, ಮರೆಯಬೇಡಿ. ಶೀತ್ ಯಾವಾಗ ತೆಗೆಯಬೇಕು ಅನ್ನುವುದನ್ನೂ ಹೆಪಾರಿನ್ ಎಷ್ಟು ಉಳಿದಿದೆ ಅಂತ ಎಸಿಟಿ ಪರೀಕ್ಷೆಯಲ್ಲಿ ನೋಡಿ ವೈದ್ಯರು ಹೇಳುತ್ತಾರೆ. ಎಸಿಟಿ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಅಂತ ರೋಗಿಯ ಪಕ್ಕದಲ್ಲೇ ಅಳೆಯುವುದು.

7. ಡ್ರಿಪ್‌ನಿಂದ ಮಾತ್ರೆಗೆ

ಈಗ ಮೊದಲಿನ ಪ್ರಶ್ನೆಗೆ ಬರೋಣ.

ಕ್ಲೋಪಿಡೊಗ್ರೆಲ್, ಪ್ರಾಸುಗ್ರೆಲ್ ಎರಡೂ ನುಂಗಿದ ರೂಪದಲ್ಲೇ ಕೆಲಸ ಮಾಡುವುದಿಲ್ಲ. ದೇಹದಲ್ಲಿ ಬದಲಾದ ಮೇಲೆ ಬರುವ ಒಂದು ಅಂಶ ಪಿ2ವೈ12 ಜಾಗಕ್ಕೆ ಹೋಗಿ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಆ ಅಂಶ ರಕ್ತದಲ್ಲಿ ಬಹಳ ಹೊತ್ತು ಇರುವುದಿಲ್ಲ. ಅದು ಬಂದಾಗ ಜಾಗ ಖಾಲಿ ಇರಬೇಕು. ಕ್ಯಾಂಗ್ರೆಲಾರ್ ಹೋಗುತ್ತಿದ್ದರೆ ಜಾಗ ಭರ್ತಿ. ಅದು ಒಳಗೆ ಹೋಗಲಾಗದೆ ಹಾಗೇ ಅಳಿದುಹೋಗುತ್ತದೆ. ಆಮೇಲೆ ನೀವು ಪಂಪ್ ನಿಲ್ಲಿಸುತ್ತೀರಿ, ಕ್ಯಾಂಗ್ರೆಲಾರ್ ಕೂಡ ಎದ್ದುಹೋಗುತ್ತದೆ. ಕೇಸ್‌ಶೀಟ್‌ನಲ್ಲಿ ಡ್ರಿಪ್ ಕೊಟ್ಟಿದ್ದೂ ಇದೆ, ಮಾತ್ರೆ ಕೊಟ್ಟಿದ್ದೂ ಇದೆ. ಆದರೆ ಹೊಸ ಸ್ಟೆಂಟ್ ಇರುವ ಆ ರೋಗಿಯ ರಕ್ತದಲ್ಲಿ ಎರಡರ ರಕ್ಷಣೆಯೂ ಇಲ್ಲ. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗುವುದೂ ಇಲ್ಲ.

ಟಿಕಾಗ್ರೆಲಾರ್ ಬೇರೆ ಥರ. ಅದು ಬದಲಾಗದೆಯೇ ಕೆಲಸ ಮಾಡುತ್ತದೆ, ಹಾಗೂ ರಕ್ತದಲ್ಲಿ ಗಂಟೆಗಟ್ಟಲೆ ಇರುತ್ತದೆ. ಕ್ಯಾಂಗ್ರೆಲಾರ್ ಎದ್ದ ಮೇಲೂ ಅದು ಅಲ್ಲೇ ಕಾದಿರುತ್ತದೆ. ಹಾಗಾಗಿ ನಿಯಮ ಹೀಗಿದೆ:

ಟಿಕಾಗ್ರೆಲಾರ್ 180 ಮಿಲಿಗ್ರಾಂ: ಡ್ರಿಪ್ ಹೋಗುತ್ತಿರುವಾಗ ಯಾವಾಗ ಬೇಕಾದರೂ, ಅಥವಾ ನಿಲ್ಲಿಸಿದ ತಕ್ಷಣ.
ಕ್ಲೋಪಿಡೊಗ್ರೆಲ್ 600 ಮಿಲಿಗ್ರಾಂ: ನಿಲ್ಲಿಸಿದ ತಕ್ಷಣ. ಅದಕ್ಕೆ ಮೊದಲು ಬೇಡವೇ ಬೇಡ.
ಪ್ರಾಸುಗ್ರೆಲ್ 60 ಮಿಲಿಗ್ರಾಂ: ನಿಲ್ಲಿಸಿದ ತಕ್ಷಣ.

ಪ್ರಾಸುಗ್ರೆಲ್ ವಿಷಯದಲ್ಲಿ ಗೊಂದಲ ಆಗುವುದು ಸಹಜ. ಅಮೆರಿಕದ ಚೀಟಿ ನಿಲ್ಲಿಸಿದ ಮೇಲೆ ಅನ್ನುತ್ತದೆ. ಯುರೋಪಿನ ಚೀಟಿ ಡ್ರಿಪ್ ಮುಗಿಯುವ 30 ನಿಮಿಷ ಮೊದಲಿನಿಂದಲೂ ಕೊಡಬಹುದು ಅನ್ನುತ್ತದೆ. ನಿಮ್ಮ ಘಟಕದಲ್ಲಿ ಯಾವುದನ್ನು ಪಾಲಿಸುತ್ತಾರೋ ಅದನ್ನು ಬರೆಸಿ ಗೋಡೆಗೆ ಅಂಟಿಸಿ. ಒಬ್ಬೊಬ್ಬರು ಒಂದೊಂದು ಥರ ಮಾಡುವುದು ಮಾತ್ರ ಬೇಡ. ಕ್ಲೋಪಿಡೊಗ್ರೆಲ್ ಬಗ್ಗೆ ಎರಡೂ ಕಡೆ ಒಂದೇ ಮಾತು.

"ತಕ್ಷಣ" ಅನ್ನುವುದಕ್ಕೆ ಆ ನಿಮಿಷ ಅಂತಲೇ ಅರ್ಥ. ಕ್ಲೋಪಿಡೊಗ್ರೆಲ್ ಪೂರ್ತಿ ಕೆಲಸಕ್ಕೆ ಬರಲು ಕೆಲವು ಗಂಟೆ ಬೇಕು, ಕ್ಯಾಂಗ್ರೆಲಾರ್ ಒಂದು ಗಂಟೆಯೊಳಗೆ ಪೂರ್ತಿ ಹೋಗಿರುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ನಡುವೆ ರಕ್ಷಣೆ ತೆಳುವಾಗಿರುವ ಒಂದು ಹೊತ್ತು ಇದ್ದೇ ಇರುತ್ತದೆ. ಮಾತ್ರೆ ಫಾರ್ಮಸಿಯಿಂದ ಬರಲಿ ಅಂತ ಕಾಯುವ ಅರ್ಧ ಗಂಟೆ, ಶಿಫ್ಟ್ ಬದಲಾಗುವ ಇಪ್ಪತ್ತು ನಿಮಿಷ, ಎಲ್ಲವೂ ಅದಕ್ಕೆ ಸೇರುತ್ತದೆ. ಅದಕ್ಕೇ ಮಾತ್ರೆಯನ್ನು ಮೊದಲೇ ತರಿಸಿ ಇಡಿ ಅಂದದ್ದು. ಮಾತ್ರೆ ಒಂದು ಕೈಯಲ್ಲಿ, ನೀರು ಪಕ್ಕದಲ್ಲಿ, ಆಮೇಲೆ ಪಂಪ್‌ನ ಬಟನ್. ಈ ಕ್ರಮ ಅಭ್ಯಾಸ ಮಾಡಿಕೊಳ್ಳಿ.

ರೋಗಿ ವಾಂತಿ ಮಾಡುತ್ತಿದ್ದರೆ, ಅಥವಾ ನುಂಗಲು ಆಗದಿದ್ದರೆ? ಪಂಪ್ ಮುಟ್ಟುವ ಮೊದಲೇ ವೈದ್ಯರಿಗೆ ಹೇಳಿ. ಟಿಕಾಗ್ರೆಲಾರ್ ಆದರೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಮೂಗಿನ ಕೊಳವೆಯಿಂದ ಕೊಡಬಹುದು. ಡ್ರಿಪ್ ಮುಂದುವರಿಸಬೇಕೋ ಬೇಡವೋ ಅಂತ ಅವರು ಹೇಳಲಿ. ನುಂಗಿದ ಸ್ವಲ್ಪ ಹೊತ್ತಿಗೆ ವಾಂತಿಯಾದರೆ ಎಷ್ಟು ನಿಮಿಷಕ್ಕೆ ಆಯಿತು, ಮಾತ್ರೆ ಕಂಡಿತೇ ಅನ್ನುವುದನ್ನು ನೋಡಿ ತಿಳಿಸಿ. ನೋವಿಗೆ ಮಾರ್ಫಿನ್, ಫೆಂಟನಿಲ್ ಕೊಟ್ಟಿದ್ದರೆ ಅದನ್ನೂ ನೆನಪಿಸಿ. ಅವು ಹೊಟ್ಟೆಯ ಚಲನೆಯನ್ನು ನಿಧಾನ ಮಾಡುವುದರಿಂದ ಈ ಮಾತ್ರೆಗಳು ರಕ್ತಕ್ಕೆ ಸೇರುವುದು ತಡವಾಗುತ್ತದೆ.

ಮಧ್ಯೆ ಒಂದು ಬೇರೆ ವಿಷಯ. ಬೈಪಾಸ್ ಥರದ ಆಪರೇಷನ್‌ಗೆ ಕಾಯುತ್ತಿರುವ, ಮಾತ್ರೆ ನಿಲ್ಲಿಸಿರುವ ರೋಗಿಗೆ ಕೆಲವು ಕಡೆ ಕ್ಯಾಂಗ್ರೆಲಾರ್ ಅನ್ನು ಸೇತುವೆಯಂತೆ ಕೊಡುತ್ತಾರೆ. 2012ರ ಬ್ರಿಡ್ಜ್ ಅಧ್ಯಯನದಲ್ಲಿ ಬಳಸಿದ ಡೋಸ್ ಕೆಜಿಗೆ ನಿಮಿಷಕ್ಕೆ 0.75 ಮೈಕ್ರೋಗ್ರಾಂ, ಬೋಲಸ್ ಇಲ್ಲ. ಮೇಲೆ ಹೇಳಿದ 4 ಮೈಕ್ರೋಗ್ರಾಂಗೂ ಇದಕ್ಕೂ ಐದು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಔಷಧಿ ಅದೇ, ಚೀಲ ಅದೇ, ಪಂಪ್ ಅದೇ. ಹಾಗಾಗಿ ಆದೇಶದಲ್ಲಿ ಯಾವ ಉದ್ದೇಶಕ್ಕೆ ಅಂತ ಬರೆದಿಲ್ಲದಿದ್ದರೆ ಪಂಪ್‌ಗೆ ವೇಗ ಹಾಕಬೇಡಿ, ಬರೆಸಿಕೊಳ್ಳಿ.

8. ಒಪ್ಪಿಸುವಾಗ

ಡ್ರಿಪ್ ಓಡುತ್ತಿರುವಾಗಲೇ ರೋಗಿಯನ್ನು ಐಸಿಯುಗೆ ಸಾಗಿಸುವುದು ಸಾಮಾನ್ಯ. ಹೊರಡುವ ಮುಂಚೆ ಪಂಪ್‌ನ ಬ್ಯಾಟರಿ ನೋಡಿ, ಚೀಲದಲ್ಲಿ ಎಷ್ಟು ಉಳಿದಿದೆ ನೋಡಿ. ಹಾಸಿಗೆ ಬದಲಿಸುವಾಗ ಲೈನ್ ಕಿತ್ತುಹೋಗುವುದು, ಕ್ಲ್ಯಾಂಪ್ ಹಾಕಿದ್ದು ತೆಗೆಯಲು ಮರೆಯುವುದು ಆಗುತ್ತಿರುತ್ತದೆ. ಅಲ್ಲಿ ತಲುಪಿದ ಮೇಲೆ ಹನಿ ನಿಜಕ್ಕೂ ಬೀಳುತ್ತಿದೆಯೇ ಅಂತ ಇನ್ನೊಮ್ಮೆ ನೋಡಿ.

ಒಪ್ಪಿಸುವಾಗ ಬಾಯಿಮಾತಿನಲ್ಲಿ "ಎಲ್ಲಾ ಆಗಿದೆ" ಅನ್ನುವುದೇ ಅತಿ ಕೆಟ್ಟ ವಾಕ್ಯ. ಮಾತ್ರೆ ಲ್ಯಾಬ್‌ನಲ್ಲಿ ಕೊಟ್ಟಿರುತ್ತಾರೆ ಅಂತ ಐಸಿಯುನವರು, ಐಸಿಯುನಲ್ಲಿ ಕೊಡುತ್ತಾರೆ ಅಂತ ಲ್ಯಾಬ್‌ನವರು, ಕೊನೆಗೆ ಯಾರೂ ಕೊಟ್ಟಿರುವುದಿಲ್ಲ. ಅಥವಾ ಇಬ್ಬರೂ ಕೊಟ್ಟಿರುತ್ತಾರೆ. ಆದ್ದರಿಂದ ಹೊತ್ತನ್ನು ಹೇಳಿ, ಬರೆದೂ ಕೊಡಿ. ಡ್ರಿಪ್ ಇನ್ನೂ ಓಡುತ್ತಿದ್ದರೆ ಹೀಗೆ ಹೇಳಬಹುದು: "70 ಕೆಜಿ. ಕ್ಯಾಂಗ್ರೆಲಾರ್ ಬೋಲಸ್ 10.5 ಮಿಲಿ 2.10ಕ್ಕೆ. ಪಂಪ್ ಗಂಟೆಗೆ 84ರಲ್ಲಿ ಓಡುತ್ತಿದೆ, 4.10ಕ್ಕೆ ನಿಲ್ಲಿಸಬೇಕು. ಮಾತ್ರೆ ಇನ್ನೂ ಕೊಟ್ಟಿಲ್ಲ. ಕ್ಲೋಪಿಡೊಗ್ರೆಲ್ 600 ಈ ಕವರ್‌ನಲ್ಲಿದೆ, ಪಂಪ್ ನಿಲ್ಲಿಸಿದ ಕೂಡಲೇ ಕೊಡಿ, ಮುಂಚೆ ಬೇಡ." ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಲಿ. ಕವರ್ ಅವರ ಕೈಗೆ ಕೊಟ್ಟ ಮೇಲೆ ನೀವು ಹೊರಡಬಹುದು.